ಆಗ ನನಗೆ ಕಿವಿ ಕೇಳಿಸುತ್ತಿತ್ತು

ವಿಜಯಪುರ
8 ಜೂನ್ 2023

ಪ್ರೀತಿಯ ವೇಣು,

ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯಿತು, ಉತ್ತರ ಬರೆಯಲಿಲ್ಲ. ಬೈದುಕೊಂಡಿರುತ್ತೀಯ. ಫೋನ್ ಮಾಡಿದರೆ ನಿನಗೆ ಕೇಳಿಸುವುದಿಲ್ಲ, ವಾಟ್ಸಾಪ್ ಕಳಿಸಿದರೆ ನಿನಗಿಂತ ಮೊದಲು ನಿನ್ನ ಮಗಳು ಓದುತ್ತಾಳೆ. ಹಾಗಾಗಿ ನಮ್ಮಿಬ್ಬರಿಗೆ ಇವತ್ತಿಗೂ ಅಂಚೆಯೇ ಗತಿ. ಇಲ್ಲಿನ ಪೋಸ್ಟ್‌ಮ್ಯಾನ್ ಜವರಪ್ಪ, 'ಸಾರ್, ಬ್ಯಾಂಕ್ ನೋಟಿಸ್ ಬಿಟ್ರೆ ಕೈಬರಹದ ಕಾಗದ ಅಂತ ಬರೋದು ನಿಮಗೊಬ್ಬರಿಗೇ' ಅನ್ನುತ್ತಾನೆ.

ನನ್ನ ಕೆಲಸ ಅದೇ. ದೇವನಹಳ್ಳಿ ವಿಮಾನ ನಿಲ್ದಾಣದ ಹತ್ತಿರದ ಗೋದಾಮಿನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್. ಬೆಳಿಗ್ಗೆ ಆರಕ್ಕೆ ಹೋದರೆ ಮಧ್ಯಾಹ್ನ ಎರಡಕ್ಕೆ ಬಿಡುಗಡೆ. ಅನಸೂಯ ರೇಷ್ಮೆ ಹುರಿ ಮಾಡುವ ಕಾರ್ಖಾನೆಗೆ ಹೋಗುತ್ತಾಳೆ, ಬರುವುದು ಸಂಜೆ ಆರೂವರೆಗೆ. ಮಧ್ಯಾಹ್ನವೆಲ್ಲ ಮನೆಯಲ್ಲಿ ನಾನೊಬ್ಬನೇ. ಬೀದಿಯ ಕೊನೆಯಲ್ಲಿ ಗೂಡು ಬೇಯಿಸುತ್ತಾರೆ, ಸತ್ತ ಹುಳುವಿನ ವಾಸನೆ ಕಿಟಕಿ ಮುಚ್ಚಿದರೂ ಬರುತ್ತದೆ. ಹಿಂದೆ ಗೊತ್ತಾಗುತ್ತಿರಲಿಲ್ಲ, ಈಗ ಗೊತ್ತಾಗುತ್ತದೆ.

ನೀನು ಬೆನ್ನಿನ ವಿಷಯ ಕೇಳಿದ್ದೆ. ಸೈನ್ಯದಲ್ಲಿದ್ದಾಗ ಮನೋಹರನನ್ನು ಹೊತ್ತು ಹಿಮದ ಮೇಲಿನ ಪೋಸ್ಟ್‌ನಿಂದ ಇಳಿದ ದಿನ ಹಿಡಿದುಕೊಂಡದ್ದು ಹನ್ನೆರಡು ವರ್ಷವಾದರೂ ಬಿಟ್ಟಿಲ್ಲ. ಎರಡು ವರ್ಷದ ಹಿಂದೆ ಗೋದಾಮಿನಲ್ಲಿ ಜಾರಿ ಬಿದ್ದೆನಲ್ಲ, ಆಗ ಹದಿನೈದು ದಿನಕ್ಕೆಂದು ಒಂದು ಮಾತ್ರೆ ಬರೆದುಕೊಟ್ಟರು. ಟ್ರಮಡಾಲ್. ಅದನ್ನು ಈಗಲೂ ಆಗಾಗ ತೆಗೆದುಕೊಳ್ಳುತ್ತೇನೆ. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು. ಚಿಂತೆ ಮಾಡುವಂಥದ್ದೇನಿಲ್ಲ.

ದೊಡ್ಡಬಳ್ಳಾಪುರದಲ್ಲಿ ಒಬ್ಬ ಡಾಕ್ಟರಮ್ಮ ಬಂದಿದ್ದಾರಂತೆ, ಪ್ರಮೋದಾ ಅಂತ. ಕೈಯಿಂದಲೇ ಬೆನ್ನುಮೂಳೆಯ ಕೀಲು ಸರಿಮಾಡುವ ಕೈರೋಪ್ರಾಕ್ಟರ್. ಹೊರದೇಶದಲ್ಲಿ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರಂತೆ. ಅನಸೂಯ ಹೋಗಿ ಬನ್ನಿ ಎಂದು ದಿನವೂ ಪೀಡಿಸುತ್ತಿದ್ದಾಳೆ. ನನಗೆ ಮನಸ್ಸಿಲ್ಲ. ನೀನೇನು ಹೇಳುತ್ತೀಯ? ನೀನು ಹೋಗು ಎಂದರೆ ಹೋಗುತ್ತೇನೆ.

ನಿನ್ನ
ಭೀಮರಾಜ


ಗುಂಡ್ಲುಪೇಟೆ
17 ಜೂನ್ 2023

ಭೀಮ,

ಹೋಗು. ಎರಡನೇ ಮಾತಿಲ್ಲ.

ಆದರೆ ಒಂದು. ಹಳೆಯ ಎಕ್ಸ್‌ರೇ, ಎಂಆರ್‌ಐ ಎಲ್ಲ ಎತ್ತಿಕೊಂಡು ಹೋಗು. ನೋಡದೆ ಕೈ ಹಾಕುವವರಾದರೆ ಎದ್ದು ಬಾ. ನೋಡಿ ಕೈ ಹಾಕುವವರಾದರೆ ಅವರು ಹೇಳಿದಂತೆ ಕೇಳು.

ಮಾತ್ರೆ ಒಂದೋ ಎರಡೋ ಎಂದು ಬರೆದಿದ್ದೀಯ. ಲೆಕ್ಕ ಗೊತ್ತಿರುವವನು ಹಾಗೆ ಬರೆಯುವುದಿಲ್ಲ. ಸರಿಯಾಗಿ ಎಷ್ಟು ಎಂದು ತಿಳಿಸು.

ನನ್ನ ಚೆಂಡುಹೂವು ಈ ಸಲ ಚೆನ್ನಾಗಿ ಬಂದಿದೆ. ಊಟಿಗೆ ಹೋಗುವವರು ಕಾರು ನಿಲ್ಲಿಸಿ ಹೊಲಕ್ಕೆ ಇಳಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಹಿಂದಿನಿಂದ ಬಂದು ಏನೋ ಕೇಳುತ್ತಾರಂತೆ. ನಾನು ತಿರುಗುವುದಿಲ್ಲ. ಜಂಬದವನು ಎಂದುಕೊಂಡು ಹೋಗುತ್ತಾರೆ. ಹೋಗಲಿ.

ಅನಸೂಯಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ವೇಣುಗೋಪಾಲ್


ವಿಜಯಪುರ
20 ಜುಲೈ 2023

ಪ್ರೀತಿಯ ವೇಣು,

ನಿನ್ನ ಕಾಗದ ಓದಿ ಮನಸ್ಸು ಹಗುರವಾಯಿತು. ನೀನು ಬರೆದಂತೆಯೇ ಮಾಡಿದೆ. ಆ ಡಾಕ್ಟರಮ್ಮನ ಹತ್ತಿರ ಹೋಗಲಿಲ್ಲ. ಬೆನ್ನುಮೂಳೆಯ ಮೇಲೆ ಪರರ ಕೈ ಬಿದ್ದರೆ ಕಾಲು ಹೋಗುತ್ತದೆ, ಮಾತ್ರೆಯಾದರೆ ಹೇಳಿದ ಮಾತು ಕೇಳುತ್ತದೆ ಎಂದು ಬರೆದಿದ್ದೆಯಲ್ಲ, ಅದನ್ನೇ ಅನಸೂಯಳಿಗೆ ಓದಿ ಹೇಳಿದೆ. ಅವಳು ಕಾಗದ ಕೊಡಿ ಎಂದಳು. ಕೊಡಲಿಲ್ಲ. ನಮ್ಮಿಬ್ಬರ ನಡುವಿನದು ನಮ್ಮಿಬ್ಬರ ನಡುವೆಯೇ ಇರಲಿ ಎಂದು ನೀನೇ ಬರೆದಿದ್ದೆ.

ಇಲ್ಲಿ ಒಂದು ವಿಚಿತ್ರ ನಡೆಯುತ್ತಿದೆ. ನಗಬೇಡ. ಮಧ್ಯಾಹ್ನ ಮೂರರ ಹೊತ್ತಿಗೆ ಹಾಲ್‌ನಲ್ಲಿ ಚಾಪೆ ಹಾಕಿ ಬೋರಲು ಮಲಗುತ್ತೇನೆ. ಹೊರಗೆ ಚೆನ್ನಾಗಿ ಬಿಸಿಲಿರುತ್ತದೆ, ಎದುರುಮನೆಯ ರೇಷ್ಮೆ ಮಿಷನ್ ಓಡುತ್ತಿರುತ್ತದೆ. ಆಗ ಯಾರೋ ಬಂದು ಪಕ್ಕದಲ್ಲಿ ಮಂಡಿಯೂರುತ್ತಾರೆ. ಬೆಲ್ಟ್ ಕಟ್ಟುವ ಜಾಗದಲ್ಲಿ ಅಂಗೈ ಇಡುತ್ತಾರೆ. ಐಸಿನಂತೆ ತಣ್ಣಗಿರುತ್ತದೆ. ಇಟ್ಟ ತಕ್ಷಣ ನೋವು ನಿಲ್ಲುತ್ತದೆ. ತಿರುಗಿ ನೋಡಿದರೆ ಯಾರೂ ಇಲ್ಲ. ಒಂದು ದಿನ ಕೆಮ್ಮು ಕೇಳಿಸಿತು. ಎರಡು ಸಲ ಒಣ ಕೆಮ್ಮು, ಆಮೇಲೆ ನೀರು ತುಂಬಿದಂಥ ಒಂದು. ಅದು ಯಾರ ಕೆಮ್ಮು ಅಂತ ನಿನಗೆ ನಾನು ಹೇಳಬೇಕಾಗಿಲ್ಲ.

ಹೆದರಿಕೆ ಆಗುವುದಿಲ್ಲ. ಈಗೀಗ ಎರಡೂವರೆಗೇ ಚಾಪೆ ಹಾಕಿ ಕಾಯುತ್ತೇನೆ.

ನಿನ್ನ
ಭೀಮರಾಜ


ಗುಂಡ್ಲುಪೇಟೆ
28 ಜುಲೈ 2023

ಭೀಮ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನೀನು ಹೇಳುವಂಥ ಮಾತು ನಾನು ಬರೆದಿಲ್ಲ. ನಾನು ಬರೆದದ್ದು ಹೋಗು ಎಂದು. ಮೊದಲ ಸಾಲೇ ಅದು. ನಿನಗೆ ಬಂದ ಕಾಗದ ಇನ್ನೊಂದು ಸಲ ತೆಗೆದು ನೋಡು.

ತಮಾಷೆ ಮಾಡುತ್ತಿದ್ದರೆ ಸಾಕು ನಿಲ್ಲಿಸು. ಆ ಕೆಮ್ಮಿನ ವಿಷಯದಲ್ಲಿ ತಮಾಷೆ ಬೇಡ.

ಮಾತ್ರೆ ಎಷ್ಟು ಎಂದು ಕೇಳಿದ್ದೆ. ನೀನು ಹೇಳಲಿಲ್ಲ.

ವೇಣು


ವಿಜಯಪುರ
30 ಆಗಸ್ಟ್ 2023

ಪ್ರೀತಿಯ ವೇಣು,

ನೀನು ಯಾಕೆ ಹೀಗೆ ಎರಡು ಬಗೆಯಾಗಿ ಮಾತಾಡುತ್ತೀಯ? ಈ ಬೇಸಿಗೆ ಕಳೆದ ಮೇಲೆ ನಿನ್ನಿಂದ ಬಂದದ್ದು ಐದು ಕಾಗದ. ಎರಡರಲ್ಲಿ ಮೇಷ್ಟರಂತೆ ಗದರಿದ್ದೀಯ. ಉಳಿದ ಮೂರರಲ್ಲಿ ನೀನು ನನ್ನ ಹಳೆಯ ವೇಣು. ಆ ಮೂರನ್ನೇ ನಾನು ಓದುವುದು. ನಂಬುವುದಿಲ್ಲವಾದರೆ ಕೊನೆಯದನ್ನು ಇದರೊಳಗೆ ಇಟ್ಟಿದ್ದೇನೆ, ನೋಡು. ನಿನ್ನ ಅಕ್ಷರ ನಿನಗೆ ಗುರುತು ಸಿಗುವುದಿಲ್ಲವೇ? ನೋಡಿ ವಾಪಸ್ ಕಳಿಸು. ನನಗೆ ಅದು ಬೇಕು.

ಬೆನ್ನು ಈಗ ಕಲ್ಲಿನಂತಾಗಿದೆ. ಮೈ ತುರಿಸುತ್ತದೆ, ಊಟ ಸೇರುವುದಿಲ್ಲ. ಕೆಲವು ಮಧ್ಯಾಹ್ನ ಎಲ್ಲಿ ಹೋದವೋ ತಿಳಿಯುವುದಿಲ್ಲ. ಎರಡು ಗಂಟೆಗೆ ಗೋದಾಮಿನ ಗೇಟು ದಾಟಿದ್ದು ನೆನಪಿರುತ್ತದೆ. ಆಮೇಲೆ ನೋಡಿದರೆ ಸಂಜೆ, ನಮ್ಮ ಮನೆಯ ಮೆಟ್ಟಿಲ ಮೇಲೆ ಬೂಟು ಹಾಕಿಕೊಂಡು ಕುಳಿತಿರುತ್ತೇನೆ. ನಡುವೆ ಏನೂ ಇರುವುದಿಲ್ಲ.

ಭೀಮರಾಜ

(ಈ ಕಾಗದದೊಳಗೆ ಮಡಿಸಿಟ್ಟದ್ದು)

ಭೀಮ,

ಆ ಹೆಂಗಸಿನ ಕೈಗೆ ಬೆನ್ನು ಕೊಡಬೇಡ. ಎರಡು ಸಾಲದಿದ್ದರೆ ಮೂರು ತೆಗೆದುಕೋ, ಮೂರು ಸಾಲದಿದ್ದರೆ ಎದ್ದು ಕುಳಿತು ಇನ್ನೊಂದು ತೆಗೆದುಕೋ. ನೋವು ನಿನ್ನದಲ್ಲ, ನೀನು ಯಾಕೆ ಹೊರಬೇಕು?

ಮನೋಹರ ಕರೆದಾಗ ನಾನು ಎಚ್ಚರವಾಗಿದ್ದೆ. ಆಗ ನನಗೆ ಕಿವಿ ಕೇಳಿಸುತ್ತಿತ್ತು. ನೀನು ನಿದ್ದೆಯಲ್ಲಿದ್ದೆ. ತಪ್ಪು ನನ್ನದು, ನಿನ್ನದಲ್ಲ. ಇದನ್ನು ಯಾರಿಗೂ ತೋರಿಸಬೇಡ.

ವೇಣು


ಗುಂಡ್ಲುಪೇಟೆ
9 ಸೆಪ್ಟೆಂಬರ್ 2023

ಭೀಮರಾಜ್,

ನೀನು ಕಳಿಸಿದ ಹಾಳೆ ತಲುಪಿತು. ಅಕ್ಷರ ನನ್ನದರಂತೆಯೇ ಇದೆ. ಳಕಾರದ ಬಾಲ ನಾನು ಎಳೆಯುವ ಹಾಗೆಯೇ ಎಳೆದಿದೆ. ಮೊದಲು ನೋಡಿದಾಗ ನಾನೇ ಬರೆದು ಮರೆತೆನೇನೋ ಅನ್ನಿಸಿ ಅಂಗಳದಲ್ಲಿ ಹಾಗೇ ಕುಳಿತುಬಿಟ್ಟೆ. ಆದರೆ ಇದನ್ನು ನಾನು ಬರೆದಿಲ್ಲ. ನನ್ನ ಮಗಳ ಮೇಲೆ ಆಣೆ.

ಅದರಲ್ಲಿರುವುದು ಸುಳ್ಳು. ಆ ಹೊತ್ತಿಗೆ ನನ್ನ ಕಿವಿ ಹೋಗಿ ಎರಡು ದಿನವಾಗಿತ್ತು. ಸೈನ್ಯದ ವಿಚಾರಣೆಯಲ್ಲಿ ಹೇಳಿದ್ದೇನೆ, ಅದರ ದಾಖಲೆಯಲ್ಲೂ ಹಾಗೇ ಇದೆ. ನಿನಗೂ ಗೊತ್ತು.

ಆ ಹಾಳೆ ವಾಪಸ್ ಕಳಿಸುವುದಿಲ್ಲ. ಒಲೆಗೆ ಹಾಕಿದೆ. ಅನಸೂಯಮ್ಮನಿಗೆ ಬೇರೆ ಕಾಗದ ಬರೆದಿದ್ದೇನೆ.

ವೇಣುಗೋಪಾಲ್


ವಿಜಯಪುರ
1 ಅಕ್ಟೋಬರ್ 2023

ಅಣ್ಣಾ,

ನಾನು ನಿಮಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಕಾಗದ ಕಾರ್ಖಾನೆಯ ವಿಳಾಸಕ್ಕೆ ಬಂದದ್ದು ಒಳ್ಳೆಯದಾಯಿತು. ಓದಿದ ದಿನ ಹುಷಾರಿಲ್ಲ ಎಂದು ಹೇಳಿ ಮೂರು ಗಂಟೆಗೇ ಮನೆಗೆ ಬಂದೆ. ಬಾಗಿಲು ಮುಂದೆ ಮಾಡಿತ್ತು, ಚಿಲಕ ಹಾಕಿರಲಿಲ್ಲ. ಇವರು ಹಾಲ್‌ನಲ್ಲಿ ಚಾಪೆಯ ಮೇಲೆ ಕುಳಿತು ಬರೆಯುತ್ತಿದ್ದರು. ಮೈಯೆಲ್ಲ ಬೆವರು. 'ರೀ' ಅಂದೆ. ತಿರುಗಲಿಲ್ಲ. ಎದುರಿಗೆ ಹೋಗಿ ಕುಳಿತೆ. ಕಣ್ಣು ತೆರೆದೇ ಇತ್ತು, ನಾನು ಕಾಣಿಸುತ್ತಿರಲಿಲ್ಲ. ನಿಮ್ಮ ಹಳೆಯ ಕಾಗದಗಳನ್ನು ಸಾಲಾಗಿ ಪಕ್ಕದಲ್ಲಿ ಹರಡಿಕೊಂಡಿದ್ದರು. ಅದನ್ನು ನೋಡಿ ನೋಡಿ ನಿಮ್ಮ ಅಕ್ಷರದಲ್ಲೇ ಬರೆಯುತ್ತಿದ್ದರು. ಬರೆಯುತ್ತಾ, 'ಹೇಳು ವೇಣು, ಬರ್ಕೋತೀನಿ, ಹೇಳು' ಎಂದು ಮೆತ್ತಗೆ ಅನ್ನುತ್ತಿದ್ದರು. ಬರೆದಾದ ಮೇಲೆ ನಾಲ್ಕು ಮಡಿಕೆ ಮಾಡಿ, ನೀವು ಜುಲೈನಲ್ಲಿ ಕಳಿಸಿದ ಕವರಿನೊಳಗೆ ಇಟ್ಟು ಟ್ರಂಕಿಗೆ ಹಾಕಿ ಮಲಗಿದರು. ಎದ್ದ ಮೇಲೆ ಏನೂ ನೆನಪಿಲ್ಲ. 'ಇವತ್ತೇನು ಬೇಗ ಬಂದ್ಬಿಟ್ಟೆ' ಎಂದು ನನ್ನನ್ನೇ ಕೇಳಿದರು.

ಟ್ರಂಕು ತೆಗೆದು ನೋಡಿದೆ ಅಣ್ಣಾ. ನಿಮ್ಮ ನಿಜವಾದ ಕಾಗದಗಳ ಕೆಳಗೆ ಮಾತ್ರೆಯ ಖಾಲಿ ಪಟ್ಟಿಗಳು ತುಂಬಿವೆ. ಒಂದೋ ಎರಡೋ ಅಲ್ಲ, ದಿನಕ್ಕೆ ಹತ್ತರ ಮೇಲೆ. ಹಳೆಯ ಚೀಟಿ ನೋಡಿಯೇ ಕೊಡುವ ಯಾವುದೋ ಅಂಗಡಿ ಹುಡುಕಿಕೊಂಡಿದ್ದಾರೆ.

ಕೇಳಿದ್ದಕ್ಕೆ ಕೋಪ ಮಾಡಿಕೊಂಡರು. ಮಾರನೇ ದಿನ ಸ್ನಾನದ ಮನೆಯಲ್ಲಿ ಫಿಟ್ಸ್ ಬಂದು ಬಿದ್ದರು. ಆಂಬುಲೆನ್ಸ್‌ನಲ್ಲಿ ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದೆವು. ಎಂಟು ದಿನ ಇದ್ದರು. ಡಾಕ್ಟರ್ ಕೆಂಪರಾಜ್ ಅಂತ, ನಿಧಾನವಾಗಿ ವಿವರಿಸಿದರು. ಈ ಮಾತ್ರೆ ಹೆಚ್ಚಾದರೆ ಫಿಟ್ಸ್ ಬರುತ್ತದಂತೆ, ಇಲ್ಲದ್ದು ಕಾಣಿಸುತ್ತದಂತೆ, ಕೇಳಿಸುತ್ತದಂತೆ. ಒಂದೇ ಸಲ ನಿಲ್ಲಿಸುವಂತಿಲ್ಲ, ವಾರವಾರ ಇಳಿಸಬೇಕಂತೆ. ಮಾತ್ರೆ ಈಗ ನನ್ನ ಕೈಯಲ್ಲಿದೆ. ಕಾರ್ಖಾನೆಗೆ ಹೋಗುವಾಗ ಟಿಫಿನ್ ಬಾಕ್ಸಿನಲ್ಲಿ ನನ್ನ ಜೊತೆಗೇ ತೆಗೆದುಕೊಂಡು ಹೋಗುತ್ತೇನೆ.

ಒಂದು ಮಾತು ಕೇಳಬೇಕು. ಅವತ್ತು ಬರೆದ ಹಾಳೆಯನ್ನು ನಾನು ಓದಿದೆ. ಆಗ ನಿಮಗೆ ಕಿವಿ ಕೇಳಿಸುತ್ತಿತ್ತು ಎಂದು ಅದರಲ್ಲಿ ಆರು ಸಲ ಬರೆದಿದ್ದಾರೆ. ಅದು ಏನು ವಿಷಯ ಅಣ್ಣಾ?

ಅನಸೂಯ


ಗುಂಡ್ಲುಪೇಟೆ
2 ನವೆಂಬರ್ 2023

ಭೀಮ,

ಹೂವು ಕಿತ್ತು ಮುಗಿಯಿತು. ಹೊಲ ಉಳುವ ಮುಂಚೆ ಈ ಕಾಗದ ಬರೆದು ಮುಗಿಸಬೇಕೆಂದು ಕುಳಿತಿದ್ದೇನೆ. ಒಂದು ತಿಂಗಳಿನಿಂದ ಹರಿದು ಹಾಕಿದ್ದೇ ಆಯಿತು.

ಸೆಪ್ಟೆಂಬರಿನಲ್ಲಿ ನಾನು ಬರೆದದ್ದು ಸುಳ್ಳು. ನಿನ್ನ ಕೈ ಬರೆದ ಹಾಳೆಯಲ್ಲಿದ್ದದ್ದು ನಿಜ.

ನನ್ನ ಕಿವಿ ಹೋದದ್ದು ಮಾರ್ಚ್‌ನಲ್ಲಿ. ಮನೋಹರ ಹೋಗಿ ಮೂರು ವಾರವಾದ ಮೇಲೆ ಸಿಡಿಸುತ್ತಿದ್ದ ಫಿರಂಗಿಯ ಪಕ್ಕದಲ್ಲಿ ನಿಂತಿದ್ದಾಗ. ವಿಚಾರಣೆಯ ಅಧಿಕಾರಿಗಳು ಬರುವ ಹೊತ್ತಿಗೆ ನಾನು ಪೂರ್ತಿ ಕಿವುಡ. ಅವರು ಪ್ರಶ್ನೆಯನ್ನು ಹಾಳೆಯ ಮೇಲೆ ಬರೆದು ತೋರಿಸಿದರು, ಅವನು ಕರೆದದ್ದು ಕೇಳಿಸಿತೇ ಎಂದು. ನಾನು ಕಿವಿ ಮುಟ್ಟಿ ತೋರಿಸಿ ತಲೆ ಅಲ್ಲಾಡಿಸಿದೆ. ಅಷ್ಟೇ. ಅವರೇ ತಾರೀಖು ಹಿಂದಕ್ಕೆ ಹಾಕಿಕೊಂಡರು. ನಾನು ತಿದ್ದಲಿಲ್ಲ.

ಆ ದಿನ ನಿನಗೂ ನೆನಪಿದೆ. ಹೊರಗೆ ಹಿಮಗಾಳಿ, ಮಧ್ಯಾಹ್ನವಾದರೂ ಎದುರಿಗೆ ಚಾಚಿದ ಕೈ ಕಾಣುತ್ತಿರಲಿಲ್ಲ. ಮೂವರೂ ಬಂಕರಿನೊಳಗೆ ಸ್ಲೀಪಿಂಗ್ ಬ್ಯಾಗಿನಲ್ಲಿದ್ದೆವು. ಬೆಳಿಗ್ಗೆಯಿಂದ ಅವನಿಗೆ ಕೆಮ್ಮು. ನೀನು ತಲೆನೋವಿನ ಮಾತ್ರೆ ಕೊಟ್ಟು ಮಲಗು ಅಂದೆ. ಎತ್ತರದಲ್ಲಿ ಎದೆಯಲ್ಲಿ ನೀರು ತುಂಬಿದರೆ ಮಾತ್ರೆಯಿಂದ ಆಗುವುದಿಲ್ಲ, ಹೊತ್ತುಕೊಂಡು ಕೆಳಗಿಳಿಸಬೇಕು ಎಂದು ಮೂವರಿಗೂ ಪಾಠ ಮಾಡಿದ್ದರು. ಕೆಳಗಿನ ಕ್ಯಾಂಪು ನಾಲ್ಕು ತಾಸಿನ ದಾರಿ. ಅವನು ಮೊದಲು ನಿನ್ನನ್ನು ಕರೆದ. ನೀನು ಏಳಲಿಲ್ಲ. ಆಮೇಲೆ ನನ್ನನ್ನು ಕರೆದ. 'ವೇಣಣ್ಣಾ, ಉಸಿರು ಸಿಗ್ತಿಲ್ಲ' ಎಂದ. ಹನ್ನೊಂದು ಸಲ ಕರೆದ. ನಾನು ಕಣ್ಣು ಬಿಟ್ಟುಕೊಂಡು ಬಂಕರಿನ ತಗಡು ನೋಡುತ್ತಾ ಮಲಗಿದ್ದೆ. ಎದ್ದರೆ ನಾನು ಹೊರಬೇಕು, ಆ ಗಾಳಿಯಲ್ಲಿ. ಇನ್ನೈದು ನಿಮಿಷ, ಇನ್ನೈದು ನಿಮಿಷ ಎಂದುಕೊಂಡೆ. ಆಮೇಲೆ ಅವನು ಕರೆಯುವುದನ್ನು ನಿಲ್ಲಿಸಿದ.

ಇದನ್ನು ನಾನು ನನ್ನ ಹೆಂಡತಿಗೂ ಹೇಳಿಲ್ಲ. ಹೀಗಿರುವಾಗ ನಿನ್ನ ಕೈ ಇದನ್ನು ಹೇಗೆ ಬರೆಯಿತು ಭೀಮ? ನೀನು ನಿದ್ದೆಯಲ್ಲಿದ್ದೆ. ನನಗೆ ಹೆದರಿಕೆಯಾಗಿದೆ. ಈಗ ಹೊಲದಲ್ಲಿ ಒಬ್ಬನೇ ಇದ್ದಾಗ ಮತ್ತೆ ಮತ್ತೆ ಹಿಂದೆ ತಿರುಗಿ ನೋಡುತ್ತೇನೆ. ಯಾರಾದರೂ ಕರೆದರೂ ನನಗೆ ಕೇಳಿಸುವುದಿಲ್ಲವಲ್ಲ.

ವೇಣು


ವಿಜಯಪುರ
21 ಜನವರಿ 2024

ವೇಣು,

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಬಂದಾಗ ಓದಿ ಟ್ರಂಕಿಗೆ ಹಾಕಿದೆ. ಇದೂ ನಾನೇ ಬರೆದದ್ದು ಎಂದುಕೊಂಡೆ. ಒಂದು ವಾರದ ಮೇಲೆ ಅನಸೂಯಳ ಕೈಗೆ ಕೊಟ್ಟೆ. ಅವಳು ಓದಿ, ಕವರಿನ ಮೇಲಿನ ಅಂಚೆ ಮುದ್ರೆ ನೋಡಿ, 'ಇದು ಅಣ್ಣಂದೇ ಕಣ್ರಿ, ನೀವು ಬರೆದಿದ್ದಲ್ಲ' ಎಂದಳು. ಹಾಗೆ ನಂಬಿದೆ. ಈಗ ಕೆಲವು ವಿಷಯ ಅವಳು ಹೇಳಿದರೆ ಮಾತ್ರ ನಂಬುವುದು.

ಮಾತ್ರೆ ಇಳಿಸುತ್ತಾ ಬಂದು ಈಗ ದಿನಕ್ಕೆ ಒಂದಕ್ಕೆ ನಿಂತಿದೆ. ಇಳಿಸಿದ ಪ್ರತಿ ಸಲವೂ ಮೂರು ದಿನ ಕಾಲು ನಿಲ್ಲುವುದಿಲ್ಲ, ಮೂಗು ಸೋರುತ್ತದೆ, ಸುಡುವ ಬಿಸಿಲಿನಲ್ಲಿ ಮೈ ಜುಮ್ಮೆನ್ನುತ್ತದೆ. ಕೆಲಸಕ್ಕೆ ರಜೆ ಹಾಕಿದ್ದೇನೆ.

ಡಾಕ್ಟರ್ ಕೆಂಪರಾಜ್ ಒಪ್ಪಿದ ಮೇಲೆ ದೊಡ್ಡಬಳ್ಳಾಪುರಕ್ಕೆ ಹೋದೆ. ಪ್ರಮೋದಾ ಅವರು ಮೊದಲ ದಿನ ಬೆನ್ನು ಮುಟ್ಟಲೇ ಇಲ್ಲ. ಎಂಆರ್‌ಐ ಅನ್ನು ಬೆಳಕಿಗೆ ಹಿಡಿದು ಅರ್ಧ ಗಂಟೆ ನೋಡಿದರು. ನಿಲ್ಲಿಸಿದರು, ಬಗ್ಗಿಸಿದರು, ನಡೆಸಿದರು. ಆಮೇಲೆ ಕೇಳಿದರು, 'ಆಸ್ಪತ್ರೆಗೆ ಸೇರೋ ಮುಂಚೆ ದಿನಕ್ಕೆ ಎಷ್ಟು ಮಾತ್ರೆ ತಗೋತಿದ್ರಿ?'

'ಎರಡು' ಅಂದೆ. ಈಗಲೂ ಬಾಯಿಗೆ ಅದೇ ಬಂತು.

ಅವರು ನಗಲಿಲ್ಲ. 'ಹೊರದೇಶದಲ್ಲೂ ನಾನು ಸೈನಿಕರನ್ನೇ ನೋಡ್ತಿದ್ದೆ ಭೀಮರಾಜ್ ಅವರೇ. ಎಲ್ಲರೂ ಎರಡು ಅಂತಾನೇ ಹೇಳೋರು.'

ಹತ್ತು, ಕೆಲವು ದಿನ ಹನ್ನೆರಡು ಎಂದು ಆಗ ಹೇಳಿದೆ.

'ನೋವು ಪೂರ್ತಿ ಹೋಗುತ್ತೆ ಅಂತ ನಾನು ಮಾತು ಕೊಡಲ್ಲ. ಇಷ್ಟು ನೋವು ಇಟ್ಕೊಂಡು ಬದುಕೋದು ಹೇಗೆ ಅಂತ ಬೆನ್ನಿಗೆ ಕಲಿಸ್ಬಹುದು. ಮಾತ್ರೆ ಇಳಿಸೋದು ಡಾಕ್ಟರ್ ಕೆಂಪರಾಜ್ ಅವರ ಕೆಲಸ, ಕೀಲು ಸಡಿಲ ಮಾಡೋದು ನನ್ನ ಕೆಲಸ, ದಿನಾ ವ್ಯಾಯಾಮ ಮಾಡೋದು ನಿಮ್ಮ ಕೆಲಸ' ಅಂದರು.

ಎರಡನೇ ಸಲ ಹೋದಾಗ ಮೇಜಿನ ಮೇಲೆ ಬೋರಲು ಮಲಗಿಸಿ, ಬೆಲ್ಟ್ ಕಟ್ಟುವ ಜಾಗದಲ್ಲಿ ಕೈ ಇಟ್ಟರು. ನಾನು ಕಿರುಚಿಬಿಟ್ಟೆ. ಅವರು ಗಾಬರಿಯಾಗಿ ಕೈ ತೆಗೆದು, 'ನೋವಾಯ್ತಾ?' ಅಂದರು. ನೋವಾಗಿರಲಿಲ್ಲ ವೇಣು. ಕೈ ಬೆಚ್ಚಗಿತ್ತು. ಅಷ್ಟು ದಿನ ತಣ್ಣನೆಯ ಕೈಗೆ ಹೊಂದಿಕೊಂಡಿದ್ದ ಜಾಗದಲ್ಲಿ ಜೀವಂತ ಮನುಷ್ಯರ ಕೈ ಬಿದ್ದದ್ದು ತಡೆಯಲಾಗಲಿಲ್ಲ. ಈಗ ವಾರಕ್ಕೆರಡು ಸಲ ಹೋಗುತ್ತೇನೆ. ಮೊನ್ನೆ ಬಗ್ಗಿ ಶೂ ಲೇಸ್ ನಾನೇ ಕಟ್ಟಿಕೊಂಡೆ.

ಆ ಕೆಮ್ಮು ಕಡಿಮೆಯಾಗಿದೆ. ಪೂರ್ತಿ ನಿಂತಿಲ್ಲ. ಚಾಪೆಯ ಪಕ್ಕ ಬರುವುದಿಲ್ಲ, ಬಾಗಿಲಾಚೆ ಕೇಳಿಸುತ್ತದೆ.

ನೀನು ಬರೆದದ್ದಕ್ಕೆ ನನಗೆ ಸಿಟ್ಟಿಲ್ಲ. ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗಿಲ್ಲ. ಯಾಕೆ ಎಂದು ಬರೆಯಬೇಕು. ಆದರೆ ಅದನ್ನು ನಿನಗಿಂತ ಮೊದಲು ಇನ್ನೊಬ್ಬರಿಗೆ ಹೇಳಬೇಕು. ಮನೋಹರನ ತಾಯಿ ಲಕ್ಕಮ್ಮ ಸೂಲಿಬೆಲೆಯಲ್ಲಿದ್ದಾರೆ. ಇಲ್ಲಿಂದ ಎಷ್ಟು ಮಹಾ ದೂರ, ಹನ್ನೆರಡು ವರ್ಷದಲ್ಲಿ ಒಂದು ಸಲವೂ ಹೋಗಿಲ್ಲ. ಬಸ್ಸಿನಲ್ಲಿ ಒಂದೂವರೆ ಗಂಟೆ ಕೂರುವ ಶಕ್ತಿ ಬಂದ ದಿನ ಹೋಗುತ್ತೇನೆ.

ಭೀಮರಾಜ


ವಿಜಯಪುರ
11 ಮಾರ್ಚ್ 2024

ವೇಣು,

ನಿನ್ನೆ ಸೂಲಿಬೆಲೆಗೆ ಹೋಗಿ ಬಂದೆ. ಮಾತ್ರೆ ಪೂರ್ತಿ ಬಿಟ್ಟು ಹತ್ತೊಂಬತ್ತು ದಿನವಾಗಿದೆ, ಹಾಗಾಗಿ ಇಲ್ಲಿ ಬರೆಯುವುದೆಲ್ಲ ನಡೆದದ್ದೇ. ಅನಸೂಯಳೂ ಜೊತೆಗಿದ್ದಳು.

ದೇವನಹಳ್ಳಿಯಲ್ಲಿ ಬಸ್ಸು ಬದಲಾಯಿಸಿದೆವು. ಊರಲ್ಲಿ ಇಳಿದು ಲಕ್ಕಮ್ಮನ ಮನೆ ಎಲ್ಲಿ ಎಂದು ಅನಸೂಯ ಅಂಗಡಿಯಲ್ಲಿ ವಿಚಾರಿಸುತ್ತಿದ್ದಳು. ಅಷ್ಟರಲ್ಲಿ ನನ್ನ ಕಾಲು ನಡೆಯತೊಡಗಿತ್ತು. ಡೇರಿಯ ಪಕ್ಕ ಎಡಕ್ಕೆ, ಬೇವಿನ ಮರ ದಾಟಿ ಬಲಕ್ಕೆ. ನಾನು ಆ ಊರನ್ನು ಯಾವತ್ತೂ ನೋಡಿಲ್ಲ. ಹಸಿರು ಬಾಗಿಲಿನ ಮುಂದೆ ನಿಂತೆ. ಅನಸೂಯ ಹಿಂದಿನಿಂದ ಓಡಿ ಬಂದು, 'ಅಂಗಡಿಯವರೂ ಇದೇ ಅಂದ್ರು, ನಿಮಗೆ ಹೆಂಗೆ ಗೊತ್ತಾಯ್ತು?' ಎಂದಳು.

ಎಪ್ಪತ್ತು ದಾಟಿದ ಮುದುಕಿ ಹಸುವಿಗೆ ಹುಲ್ಲು ಹಾಕುತ್ತಿದ್ದರು. ತಲೆಯೆತ್ತಿ ನೋಡಿ, 'ಬಾಪ್ಪ. ಏನು ಇಷ್ಟು ದಿನ ಬರ್ಲೇ ಇಲ್ಲ?' ಅಂದರು.

'ಅಮ್ಮಾ, ನಾನು ಭೀಮರಾಜ. ಮನೋಹರನ ಜೊತೆ...'

'ಗೊತ್ತು ಕಣಪ್ಪ. ಬಂದಾಗೆಲ್ಲ ಅದನ್ನೇ ಹೇಳ್ತೀಯಲ್ಲ. ಈ ಸಲ ಬೂಟು ಬಿಚ್ಚಿದ್ದೀಯ. ಇವರು ನಿನ್ನ ಮನೆಯವರಾ?'

ನಾನು ಜಗಲಿ ಹಿಡಿದುಕೊಂಡು ಕುಳಿತೆ. 'ನಾನು ಇಲ್ಲಿಗೆ ಬಂದಿದ್ನಾ ಅಮ್ಮಾ?'

ಅವರು ಉಳಿದ ಹುಲ್ಲನ್ನು ಹಸುವಿನ ಮುಂದೆ ಹಾಕಿ ಬಂದರು. 'ನಿಂಗೆ ಗ್ಯಾನ ಇರ್ಲಿಲ್ಲ ಅಂತ ನಂಗೆ ಆವಾಗ್ಲೇ ಅನ್ಸಿತ್ತು. ನಾಲ್ಕು ಸಲ ಬಂದಿದ್ದೆ ಕಣಪ್ಪ. ಮಟಮಟ ಬಿಸಿಲಲ್ಲಿ. ಮೈಯೆಲ್ಲ ನೆಂದಿರೋದು. ಆ ಕಂಬದ ಹತ್ರ ನಿಂತ್ಕೊಂಡು, ಪಾಠ ಒಪ್ಪಿಸಿದಂಗೆ ಹೇಳೋನು, ಹೊರಟು ಹೋಗೋನು.'

'ನಾನು ಏನು ಹೇಳ್ದೆ?'

'ನನ್ನ ಮಗ ಕರೆದ. ಮೊದ್ಲು ನಿನ್ನ ಕರೆದ. ನೀನು ನಿದ್ದೆ ಬಂದಂಗೆ ಮಲಗಿದ್ದೆ. ಆಮೇಲೆ ಇನ್ನೊಬ್ಬನ್ನ ಕರೆದ. ಅವನೂ ಏಳ್ಲಿಲ್ಲ. ಅವನ ಕಣ್ಣು ಬಿಟ್ಟಿದ್ದು ನೀನು ನೋಡ್ದೆ. ಅವನು ಏಳ್ತಾನೆ ಅಂತ ನೀನು ಕಾದೆ.'

ಇದೇ ನಾನು ಬರೆಯಬೇಕಾಗಿದ್ದದ್ದು ವೇಣು. ನನ್ನ ಕೈಗೆ ಯಾರೂ ಬಂದು ಹೇಳಿಕೊಡಲಿಲ್ಲ. ನಾನು ಎಚ್ಚರವಾಗಿದ್ದೆ. ಬ್ಯಾಗಿನ ಜಿಪ್ಪಿನ ಸಂದಿಯಿಂದ ನಿನ್ನ ಕಣ್ಣು ಕಾಣಿಸುತ್ತಿತ್ತು. ಅವನು ಕರೆದಾಗ ನಿನ್ನ ರೆಪ್ಪೆ ಅಲುಗಿದ್ದನ್ನು ನೋಡಿದೆ. ನಿನಗೆ ಕೇಳಿಸುತ್ತಿದೆ, ನೀನು ಏಳುತ್ತೀಯ, ನಾನು ಏಳಬೇಕಾಗಿಲ್ಲ ಎಂದುಕೊಂಡೆ. ಅವನು ಸುಮ್ಮನಾದ ಮೇಲೆ ಎದ್ದೆ. ಸತ್ತವನನ್ನು ಬೆನ್ನ ಮೇಲೆ ಹಾಕಿಕೊಂಡು ನಾಲ್ಕು ತಾಸು ಇಳಿದೆ. ಎಲ್ಲರೂ ನನ್ನನ್ನು ಹೊಗಳಿದರು. ಹನ್ನೆರಡು ವರ್ಷ ನಿನ್ನ ಸುಳ್ಳು ಗೊತ್ತಿದ್ದೂ ಸುಮ್ಮನಿದ್ದೆ. ಅದನ್ನು ಬಿಚ್ಚಿದರೆ ನನ್ನದೂ ಬಿಚ್ಚುತ್ತಿತ್ತು.

ಲಕ್ಕಮ್ಮನನ್ನು ಕೇಳಿದೆ, 'ಅದಕ್ಕೆ ನೀವೇನಂದ್ರಿ ಅಮ್ಮಾ? ನಂಗೊಂದೂ ಗೊತ್ತಿಲ್ಲ.'

'ಮೊದಲ್ನೇ ಸಲ ಆಚೆ ಹೋಗು ಅಂದೆ. ಮಣ್ಣು ತೂರಿದೆ. ಎರಡ್ನೇ ಸಲ ಬಾಗ್ಲು ಹಾಕ್ಕೊಂಡೆ. ಮೂರ್ನೇ ಸಲ ಕೂತು ಅತ್ತೆ. ನಾಲ್ಕನೇ ಸಲ, ಯಾರೂ ಇಷ್ಟು ದಿನ ನನ್ನ ಮಗ ಹೆಂಗೆ ಹೋದ ಅಂತ ಹೇಳಿರ್ಲಿಲ್ಲ, ಇವನೊಬ್ಬ ಹೇಳ್ದ ಅಂತ ಮುದ್ದೆ ಹಾಕ್ದೆ. ನೀನು ಉಂಡೆ. ಎದ್ದು ಹೋದೆ.'

ಆ ಮುದ್ದೆಯ ರುಚಿ ನನಗೆ ನೆನಪಿಲ್ಲ ವೇಣು. ಅವರು ಬೈದದ್ದೂ ನೆನಪಿಲ್ಲ, ಅತ್ತದ್ದೂ ನೆನಪಿಲ್ಲ. ನನಗೆ ಸಿಗಬೇಕಾದದ್ದೆಲ್ಲ ಸಿಕ್ಕಿತ್ತು, ತೆಗೆದುಕೊಳ್ಳಲು ನಾನೇ ಅಲ್ಲಿರಲಿಲ್ಲ. ಅದಕ್ಕೇ ಎಲ್ಲವನ್ನೂ ಮೊದಲಿನಿಂದ ಮತ್ತೆ ಹೇಳಿದೆ, ಅವರ ಮುಖ ನೋಡುತ್ತಾ. ಅನಸೂಯ ಪಕ್ಕದಲ್ಲಿ ಕುಳಿತು ಕೇಳಿದಳು, ನನ್ನ ಪಾಲಿನದನ್ನು ಅವಳೂ ಕೇಳಿದ್ದು ಇದೇ ಮೊದಲ ಸಲ. ಲಕ್ಕಮ್ಮ ಕಂಬಕ್ಕೆ ಒರಗಿ ಕೇಳಿದರು. ಮುಗಿದ ಮೇಲೆ, 'ಈಗ ಕೇಳಿಸ್ತು ಕಣಪ್ಪ' ಎಂದು ಒಳಗೆ ಹೋಗಿ ನೀರು ತಂದುಕೊಟ್ಟರು.

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಹೊರಡುವಾಗ ಬಾಗಿಲವರೆಗೆ ಬಂದು ಒಂದೇ ಮಾತು ಕೇಳಿದರು.

'ಆ ಇನ್ನೊಬ್ಬ ಯಾವಾಗ ಬರ್ತಾನೆ?'

ಏನು ಹೇಳಲಿ?

ಭೀಮರಾಜ


ಗುಂಡ್ಲುಪೇಟೆ
19 ಮಾರ್ಚ್ 2024

ಭೀಮ,

ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇನೆ. ಮಧ್ಯಾಹ್ನದ ಹೊತ್ತಿಗೆ ದೇವನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿರುತ್ತೇನೆ, ಅಲ್ಲಿಗೆ ಬಾ.

ನಾನು ಹೇಳಬೇಕಾದದ್ದನ್ನು ಹೇಳುತ್ತೇನೆ. ನನ್ನ ದನಿ ನನಗೇ ಕೇಳಿಸುವುದಿಲ್ಲ, ಹೆಚ್ಚು ಜೋರಾಗಿದ್ದರೆ ಕೈ ಮುಟ್ಟು. ಆದರೆ ಅವರು ಏನನ್ನುತ್ತಾರೋ ನನಗೆ ತಿಳಿಯುವುದಿಲ್ಲ. ನೀನು ಒಂದು ನೋಟ್‌ಬುಕ್ ತಂದು ನನ್ನ ಪಕ್ಕದಲ್ಲಿ ಕುಳಿತುಕೋ. ಅವರ ಬಾಯಿಂದ ಬಂದದ್ದನ್ನು ಬಂದ ಹಾಗೆ ಬರೆದು ತೋರಿಸು. ಆಚೆ ಹೋಗು ಅಂದರೂ ಬರೆ, ಶಾಪ ಹಾಕಿದರೂ ಬರೆ. ನನಗೆ ನೋವಾಗುತ್ತದೆ ಎಂದು ಒಂದು ಮಾತನ್ನೂ ಬಿಡಬೇಡ.

ವೇಣು